ಲ್ವಾರ್ ಕಣಿವೆಯಲ್ಲಿ ಗಾಡಿಗಳ ಕಾಟವಿಲ್ಲದ ಸೈಕಲ್ ದಾರಿ ಎಲ್ಲಿದೆ?

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಫ್ರಾನ್ಸಿಗೆ ಹೋಗುತ್ತಿದ್ದೇವೆ. ಲ್ವಾರ್ ನದಿಯ ಪಕ್ಕದಲ್ಲಿ ಎರಡು ಮೂರು ದಿನ ಸೈಕಲ್ ಓಡಿಸುವ ಆಸೆ. ಇಬ್ಬರಿಗೂ ಐವತ್ತು ದಾಟಿದೆ. ಬೆಟ್ಟ ಹತ್ತೋಕೆ ಆಗಲ್ಲ, ಲಾರಿ ಪಕ್ಕದಲ್ಲಿ ಓಡಿಸೋಕೆ ಭಯ. ರಸ್ತೆ ಸಮತಟ್ಟಾಗಿಯೂ ಇರಬೇಕು, ಗಾಡಿಗಳೂ ಇರಬಾರದು. ಅಂಥದ್ದು ನಿಜವಾಗಿ ಇದೆಯಾ? ಹೇಗೆ ಹುಡುಕುವುದು?

ಇದೆ. ಆದರೆ ನದಿ ಪಕ್ಕದ ರಸ್ತೆ ಹಿಡಿದರೆ ಸಾಕು, ತಾನಾಗಿ ಸಿಗುತ್ತದೆ ಅಂದುಕೊಂಡರೆ ಕೆಟ್ಟಿರಿ. ನಾನು ಹಾಗೆ ಅಂದುಕೊಂಡೇ ಮೊದಲ ಸಲ ಪೆಟ್ಟು ತಿಂದೆ. ಲಾಂಜೇ ಊರಿನಿಂದ ತೂರ್ ನಗರಕ್ಕೆ ಸಂಜೆ ಐದೂವರೆಗೆ ಹೊರಟಿದ್ದೆ. ನಕ್ಷೆಯಲ್ಲಿ ನದಿಗೆ ಅಂಟಿಕೊಂಡ ಹಾಗೆ ಒಂದು ರಸ್ತೆ, ಡಿ 952. ನೋಡಲು ಎಷ್ಟು ಚೆಂದ ಅಂತೀರಿ! ಹೋಗಿ ನೋಡಿದರೆ ಅದು ಆ ದಂಡೆಯ ಮುಖ್ಯ ರಸ್ತೆ. ಆಫೀಸು ಬಿಟ್ಟ ಕಾರುಗಳೆಲ್ಲ ಅದರ ಮೇಲೆ. ಪಕ್ಕಕ್ಕೆ ಇಳಿದು ನಿಲ್ಲೋಣ ಅಂದರೆ ಜಾಗವಿಲ್ಲ. ನದಿ ಇದೆ ಅನ್ನುವುದೇ ಮರೆತುಹೋಯಿತು.

ಯಾಕೆ ಹೀಗೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಕೆರೆ ಏರಿ ಮೇಲೆ ಬಸ್ಸು ಓಡಾಡುವ ರಸ್ತೆ ನೋಡಿದ್ದೀರಲ್ಲ, ಅದೇ ಕಥೆ. ಲ್ವಾರ್ ನದಿಗೂ ಎರಡೂ ಕಡೆ ಉದ್ದಕ್ಕೆ ಏರಿ ಹಾಕಿದ್ದಾರೆ. ಅಲ್ಲಿನವರು ಅದಕ್ಕೆ ಲೆವೇ ಅನ್ನುತ್ತಾರೆ. 12ನೇ ಶತಮಾನದಲ್ಲೇ ಆಂಜೂ ಪ್ರಾಂತ್ಯ ಆಳುತ್ತಿದ್ದ, ಇಂಗ್ಲೆಂಡಿಗೂ ದೊರೆಯಾಗಿದ್ದ ಎರಡನೇ ಹೆನ್ರಿ ಏರಿ ಕಾಯುವವರಿಗೆ ಸವಲತ್ತು ಕೊಟ್ಟಿದ್ದ. ಆಮೇಲೆ ಬಂದ ರಾಜರೆಲ್ಲ ಎತ್ತರಿಸುತ್ತಾ ಹೋದರು. ಸುತ್ತಲಿನ ತಗ್ಗು ನೆಲದಲ್ಲಿ ಕೆಸರು, ಏರಿ ಮೇಲೆ ಮಾತ್ರ ಒಣ ನೆಲ. ಹಾಗಾಗಿ ಗಾಡಿ, ಕುದುರೆ ಎಲ್ಲ ಏರಿ ಹತ್ತಿದವು. ಇವತ್ತು ಕಾರು, ಲಾರಿ ಓಡುತ್ತಿರುವುದೂ ಅಲ್ಲೇ. 1846, 1856, 1866, ಹೀಗೆ ಹತ್ತು ಹತ್ತು ವರ್ಷಕ್ಕೊಮ್ಮೆ ಬಂದ ಮಹಾಪೂರಕ್ಕೆ ಆ ಏರಿಗಳೂ ಒಡೆದವು. ಹಳೇ ಮನೆಗಳ ಗೋಡೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೆರೆ ಕೊರೆದು ಇಸವಿ ಬರೆದಿರುತ್ತಾರೆ. ಸೈಕಲ್ ನಿಲ್ಲಿಸಿ ಒಂದು ಗೆರೆಯ ಪಕ್ಕದಲ್ಲಿ ನಿಂತುನೋಡಿ, ನಿಮ್ಮ ತಲೆಗಿಂತ ಮೇಲಿದ್ದರೂ ಆಶ್ಚರ್ಯವಿಲ್ಲ.

ಹಾಗಾದರೆ ನೆಮ್ಮದಿಯ ರಸ್ತೆ ಎಲ್ಲಿ? ನನ್ನ ಲೆಕ್ಕ ಇಷ್ಟೇ. ಮೊದಲು ಗದ್ದಲದ ರಸ್ತೆ ಯಾವುದು ಅಂತ ಹುಡುಕಿ. ಅದರ ಜೊತೆಜೊತೆಗೇ ಸಾಗುವ ಇನ್ನೊಂದು ರಸ್ತೆ ಇರುತ್ತದೆ, ಅದು ನಿಮ್ಮದು. ಕೇಳಲು ತಲೆಕೆಳಗಾಗಿದೆ ಅಲ್ವಾ? ಆದರೆ ಯೋಚಿಸಿ. ಎರಡು ಊರಿನ ನಡುವೆ ಒಂದೇ ರಸ್ತೆ ಇದ್ದರೆ, ಅದು ಎಷ್ಟೇ ಸಣ್ಣದಾಗಿರಲಿ, ಎಲ್ಲ ಗಾಡಿಯೂ ಅದರಲ್ಲೇ ಬರಬೇಕು. ಪಕ್ಕದಲ್ಲಿ ಅಗಲದ ರಸ್ತೆ ಇದ್ದರೆ ಅವಸರದವರೆಲ್ಲ ಅದಕ್ಕೇ ಹೋಗುತ್ತಾರೆ. ಲ್ವಾರ್ ಕಣಿವೆಯ ಪುಣ್ಯ ಏನೆಂದರೆ ಅಲ್ಲಿ ರಸ್ತೆಗಳು ಜೋಡಿ ಜೋಡಿ. ಎರಡು ದಂಡೆ, ಒಂದೊಂದು ದಂಡೆಯಲ್ಲೂ ಏರಿ ಮೇಲೊಂದು ರಸ್ತೆ, ದಿಬ್ಬದ ಬುಡದಲ್ಲೊಂದು. ದೂರ ಹೋಗುವವರಿಗೆ ಎ 10, ಎ 85 ಹೆದ್ದಾರಿ ಬೇರೆ.

ಯಾವ ಜೋಡಿಯಲ್ಲಿ ಯಾವುದು ನಿಮ್ಮದು ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ. ವಿಲಾಂದ್ರಿ ಮತ್ತು ಯೂಸೇ ನಡುವೆ ಗಾಡಿಗಳು ದಿಬ್ಬದ ಬುಡದ ಡಿ 7 ಹಿಡಿಯುತ್ತವೆ, ಏರಿ ಮೇಲಿನ ಡಿ 16 ಖಾಲಿ. ಮೊಂಸೊರೋ ಮತ್ತು ಸೊಮ್ಯೂರ್ ನಡುವೆ ಇದು ಪೂರ್ತಿ ಉಲ್ಟಾ. ನೀರಿನ ಪಕ್ಕದ ಡಿ 947ರಲ್ಲಿ ಗಾಡಿಗಳು, ಶಾಂತಿ ಇರುವುದು ದಿಬ್ಬದ ಮೇಲಿನ ಹಳ್ಳಿ ದಾರಿಯಲ್ಲಿ.

ಇದನ್ನು ಮನೆಯಲ್ಲೇ ಕೂತು ಕಂಡುಕೊಳ್ಳಲು ಮಿಶ್ಲಾಂ ಕಂಪನಿಯ ಕಾಗದದ ನಕ್ಷೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅದರಲ್ಲಿ ಕೆಂಪು ರಸ್ತೆ ಅಂದರೆ ಮುಖ್ಯ, ಹಳದಿ ಅಂದರೆ ಎರಡನೇ ದರ್ಜೆ, ಬಿಳಿ ಅಂದರೆ ಹಳ್ಳಿ ರಸ್ತೆ. ಕೆಂಪು ಅಥವಾ ಹಳದಿ ಗೆರೆಯ ಪಕ್ಕದಲ್ಲೇ ಸಾಗುವ ಬಿಳಿ ಗೆರೆ ಕಂಡರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ರಸ್ತೆ ಅಂಚಿಗೆ ಹಸಿರು ಬಣ್ಣ ಬಳಿದಿದ್ದರೆ ನೋಟ ಚೆನ್ನಾಗಿದೆ ಅಂತ ಅರ್ಥ, ಗಾಡಿ ಕಡಿಮೆ ಅಂತಲ್ಲ. ಇದರಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ರಸ್ತೆಯಲ್ಲೂ ಸುಳಿವು ಸಿಗುತ್ತದೆ. ಸಂಖ್ಯೆಯ ಫಲಕ ಕೆಂಪಾಗಿದ್ದು ಎನ್ ಅಕ್ಷರ ಇದ್ದರೆ ರಾಷ್ಟ್ರೀಯ ರಸ್ತೆ, ಬಿಟ್ಟುಬಿಡಿ. ಹಳದಿ ಫಲಕದಲ್ಲಿ ಡಿ ಇದ್ದರೆ ಜಿಲ್ಲೆಯದು, ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಬಿಳಿ ಫಲಕದಲ್ಲಿ ಸಿ ಇದ್ದರೆ ಪಂಚಾಯಿತಿ ರಸ್ತೆ, ಕಣ್ಣು ಮುಚ್ಚಿಕೊಂಡು ತಿರುಗಿ.

ಫೋನಿನ ನಕ್ಷೆಯನ್ನು ಪೂರ್ತಿ ನಂಬಬೇಡಿ. ಒಮ್ಮೆ ಅದು ನನ್ನನ್ನು ಗದ್ದಲದಿಂದ ತಪ್ಪಿಸಿತು, ನಿಜ. ಆದರೆ ಕರೆದುಕೊಂಡು ಹೋಗಿದ್ದು ಜೋಳದ ಹೊಲದ ಟ್ರಾಕ್ಟರ್ ದಾರಿಗೆ. ಮುಂದಿನ ಎರಡು ಕಿಲೋಮೀಟರ್ ಸೈಕಲ್ ನನ್ನನ್ನು ಹೊರಲಿಲ್ಲ, ನಾನೇ ಸೈಕಲನ್ನು ಹೊತ್ತೆ.

ಇಷ್ಟೆಲ್ಲ ಯಾಕೆ, ಸೈಕಲ್ಲಿಗೆ ಅಂತಲೇ ದಾರಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಅದರ ಹೆಸರು ಲಾ ಲ್ವಾರ್ ಆ ವೆಲೊ. ನೆವೇರ್ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ ಸುಮಾರು 900 ಕಿಲೋಮೀಟರ್, ತಿರುವು ತಿರುವಿಗೂ ಫಲಕ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರಕ್ಕೆ ಹೋಗುವ ಯೂರೋವೆಲೊ 6 ಕೂಡ ಇದರ ಬಹುಭಾಗವನ್ನೇ ಬಳಸುತ್ತದೆ. ಆದರೆ ಇದು ಪೂರ್ತಿ ಸೈಕಲ್ಲಿಗೇ ಮೀಸಲು ಅಂದುಕೊಳ್ಳಬೇಡಿ. ಎಷ್ಟೋ ಕಡೆ ಇದು ಅದೇ ಹಳ್ಳಿ ರಸ್ತೆ, ಫಲಕ ಮಾತ್ರ ಹೊಸದು. ಕೆಲವು ಕಡೆ ಡಾಂಬರಿಲ್ಲ, ಸಣ್ಣ ಜಲ್ಲಿ, ಮರಳು. ರೇಸ್ ಸೈಕಲ್ಲಿನ ತೆಳು ಟೈರಿಗೆ ಅದು ಹಿಂಸೆ. ಬಾಡಿಗೆಗೆ ಪಡೆಯುವಾಗ 32 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಟೈರ್ ಇರುವುದನ್ನೇ ಕೇಳಿ. ಜುಲೈ, ಆಗಸ್ಟಿನಲ್ಲಿ ಈ ದಾರಿಯೇ ಜಾತ್ರೆ. ನೀವು ಮೇ ತಿಂಗಳು ಆರಿಸಿದ್ದು ಒಳ್ಳೆಯದಾಯಿತು.

ಇನ್ನು ಸಮತಟ್ಟಿನ ವಿಷಯ. ತೂರ್‌ನಿಂದ ಸೊಮ್ಯೂರ್‌ಗೆ ಹೋಗುವಾಗ ನದಿ ಕಿಲೋಮೀಟರಿಗೆ ಅರ್ಧ ಮೀಟರ್ ಕೂಡ ಇಳಿಯುವುದಿಲ್ಲ. ಕಣಿವೆ ಚಪ್ಪಟೆ, ಅದರಲ್ಲಿ ಅನುಮಾನ ಬೇಡ. ಆದರೆ ಅಲ್ಲಿ ಬೆಟ್ಟದ ಕೆಲಸವನ್ನು ಗಾಳಿ ಮಾಡುತ್ತದೆ. ಸಾಮಾನ್ಯವಾಗಿ ಗಾಳಿ ಬೀಸುವುದು ಪಶ್ಚಿಮದಿಂದ, ಸಮುದ್ರದ ಕಡೆಯಿಂದ. ಏರಿ ಮೇಲೆ ಮರವಿಲ್ಲ, ಮನೆಯಿಲ್ಲ, ಅಡ್ಡ ನಿಲ್ಲಲು ಏನೂ ಇಲ್ಲ. ಬೆಟ್ಟವಾದರೆ ಹತ್ತಿದ ಮೇಲೆ ಇಳಿಜಾರು ಸಿಗುತ್ತದೆ. ಎದುರುಗಾಳಿಗೆ ಇಳಿಜಾರಿಲ್ಲ, ಇಡೀ ದಿನ ತುಳಿಯುತ್ತಲೇ ಇರಬೇಕು. ನದಿ ಹರಿಯುವ ಕಡೆಗೇ ಹೋಗೋಣ, ಸುಲಭ ಅಂತ ಎಲ್ಲರೂ ಪೂರ್ವದಿಂದ ಪಶ್ಚಿಮಕ್ಕೆ ಹೊರಡುತ್ತಾರೆ. ಇಳಿಜಾರಿನಿಂದ ಸಿಗುವುದು ಕಾಸಿನಷ್ಟು, ಗಾಳಿಗೆ ತೆರುವುದು ರೂಪಾಯಿ.

ಅದಕ್ಕೇ ನಿಮ್ಮಿಬ್ಬರಿಗೆ ನಾನು ಹೇಳುವುದು ಉಲ್ಟಾ ದಾರಿ. ತೂರ್‌ನಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಬೆಳಗ್ಗೆ ಸೈಕಲ್ ಸಮೇತ ಟಿಇಆರ್ ಅನ್ನುವ ಪ್ರಾದೇಶಿಕ ರೈಲು ಹತ್ತಿ ಸೊಮ್ಯೂರ್‌ಗೆ ಹೋಗಿ, ಸುಮಾರು ಮುಕ್ಕಾಲು ಗಂಟೆ. ಅಲ್ಲಿಂದ ಬೆನ್ನಿಗೆ ಗಾಳಿ ಹಾಕಿಕೊಂಡು ವಾಪಸ್ ತುಳಿಯಿರಿ. ನೂರು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಎರಡು ದಿನ ಸಾಕು, ಮೂರು ಇದ್ದರೆ ಹಬ್ಬ.

ಸೊಮ್ಯೂರ್ ಬಿಟ್ಟ ಕೂಡಲೇ ಒಂದು ಸಣ್ಣ ಪರೀಕ್ಷೆ. ಇಡೀ ದಾರಿಯಲ್ಲಿ ನಿಮ್ಮ ಕಾಲಿಗೆ ಕೆಲಸ ಕೊಡುವುದು ಇದೊಂದೇ ಕಡೆ ಅನ್ನಬಹುದು. ಗಾಡಿ ಬೇಡ ಅಂದರೆ ದಿಬ್ಬ ಹತ್ತಬೇಕು. ಏರು ಗಿಡ್ಡ, ಆದರೆ ಕಡಿದು. ಇಳಿದು ತಳ್ಳಿಕೊಂಡು ಹೋದರೆ ಮಾನವೇನೂ ಹೋಗುವುದಿಲ್ಲ. ಮೇಲೆ ದ್ರಾಕ್ಷಿ ತೋಟ, ಕೆಳಗೆ ನದಿ. ಇಲ್ಲಿನ ಕಲ್ಲು ತುಫೋ, ಬೆಣ್ಣೆ ಬಣ್ಣದ ಮೆತ್ತನೆ ಸುಣ್ಣಕಲ್ಲು. ಅರಮನೆ ಕಟ್ಟಲು ಅದನ್ನು ಕಡಿದು ಕಡಿದು ದಿಬ್ಬದ ಒಳಗೆಲ್ಲ ಗುಹೆಯಾಗಿದೆ. ಆ ಗುಹೆಗಳಲ್ಲಿ ಜನ ಮನೆ ಮಾಡಿದರು, ಅಣಬೆ ಬೆಳೆದರು, ವೈನ್ ಇಟ್ಟರು. ಸೂಜೇ ಹಳ್ಳಿಯಲ್ಲಿ ದಾರಿ ಬಂಡೆಯ ಒಳಗೇ ನುಗ್ಗಿ ಹೋಗುತ್ತದೆ. ಬಿಸಿಲಿನಿಂದ ಒಮ್ಮೆಲೇ ತಣ್ಣಗೆ, ಕತ್ತಲೆ, ಒದ್ದೆ ಸುಣ್ಣದ ವಾಸನೆ. ಟೈರಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ.

ಇಲ್ಲಿ ಊಟದ ಹೊತ್ತಾದರೆ ಫುವೇ ಕೇಳಿ. ಸೌದೆ ಒಲೆಯಲ್ಲಿ ಸುಡುವ ಪುಟ್ಟ ರೊಟ್ಟಿ, ನಮ್ಮ ಪೂರಿ ಹಾಗೆ ಉಬ್ಬಿ ಬರುತ್ತದೆ. ಬಿಸಿ ಇರುವಾಗಲೇ ಹೊಟ್ಟೆ ಸೀಳಿ ಒಳಗೆ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ, ಮೇಕೆ ಹಾಲಿನ ಚೀಸ್ ತುಂಬುತ್ತಾರೆ. ರಿಯೆತ್ ಅಂತ ಹಂದಿ ಮಾಂಸದ್ದೂ ಒಂದಿರುತ್ತದೆ. ಸಸ್ಯಾಹಾರಿಗಳಾದರೆ ಮೊದಲೇ ಬೇಡ ಅನ್ನಿ.

ಮೊಂಸೊರೋ, ಅದಕ್ಕೆ ಅಂಟಿಕೊಂಡೇ ಕಾಂದ್. ವಿಯೆನ್ ನದಿ ಲ್ವಾರನ್ನು ಸೇರುವ ಜಾಗ ಇದು. ಚರ್ಚಿನ ಹಿಂದಿನ ದಿಬ್ಬ ಹತ್ತಿದರೆ ಎರಡು ನೀರು ಕೂಡುವುದು ಕಾಣುತ್ತದೆ. ತೂರ್‌ನ ಬಿಷಪ್ ಆಗಿದ್ದ ಸಂತ ಮಾರ್ತೇಂ ಸತ್ತಿದ್ದು ಇಲ್ಲೇ, 397ರಲ್ಲಿ. ಸೇತುವೆ ದಾಟುವಾಗ ಮಾತ್ರ ಜೋಪಾನ. ಈ ಕಣಿವೆಯಲ್ಲಿ ಸೇತುವೆಗಳಿಗೆ ಜೋಡಿ ಇಲ್ಲ, ಎಲ್ಲರೂ ಅದರ ಮೇಲೇ ಬರಬೇಕು. ಬೆಳಗ್ಗೆ ಎಂಟರಿಂದ ಒಂಬತ್ತು, ಸಂಜೆ ಐದರಿಂದ ಆರೂವರೆ ಬಿಟ್ಟು ದಾಟಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ ಇಡೀ ದೇಶ ಊಟಕ್ಕೆ ಕೂತಿರುತ್ತದೆ, ಆಗ ಡಿ 952 ಕೂಡ ಸಾಧುವಾಗಿರುತ್ತದೆ. ಭಾನುವಾರ ಇನ್ನೂ ಒಳ್ಳೆಯದು. ಶನಿವಾರ ರಾತ್ರಿ ಹತ್ತರಿಂದ ಭಾನುವಾರ ರಾತ್ರಿ ಹತ್ತರವರೆಗೆ ದೊಡ್ಡ ಲಾರಿಗಳು ಸಾಮಾನ್ಯವಾಗಿ ಓಡುವಂತಿಲ್ಲ.

ಎರಡು ನದಿಗಳ ನಡುವಿನ ವೆರೋಂ ಬಯಲು ದಾಟುವಾಗ ಎಡಗಡೆ ಶಿನೊಂ ಪರಮಾಣು ಸ್ಥಾವರ. ಕೋಟೆಗಳ ನಾಡಿನ ನೋಟ ಕೆಡಬಾರದು ಅಂತ ಅದರ ತಂಪುಗೋಪುರಗಳನ್ನು ಗಿಡ್ಡಗೆ ಕಟ್ಟಿದ್ದಾರೆ. ಆಮೇಲೆ ಯೂಸೇ, ಕಾಡಿಗೆ ಬೆನ್ನು ಕೊಟ್ಟು ನಿಂತ ಬಿಳಿ ಗೋಪುರಗಳ ಅರಮನೆ.

ಯೂಸೇಯಿಂದ ವಿಲಾಂದ್ರಿಯವರೆಗಿನ ಏರಿ ರಸ್ತೆಗಾಗಿಯೇ ನಾನು ಈ ಉತ್ತರ ಬರೆಯುತ್ತಿದ್ದೇನೆ ಅನ್ನಿ. ಎಡಕ್ಕೆ ಲ್ವಾರ್, ಮರಳ ದಿಬ್ಬಗಳ ನಡುವೆ ಹರಿದು ಹಂಚಿಹೋದ ನೀರು, ಅಲ್ಲೊಂದು ಇಲ್ಲೊಂದು ಕೊಕ್ಕರೆ. ಬಲಕ್ಕೆ ಏರಿಯ ಕೆಳಗೆ ಹೊಲ, ತೋಟ. ಮನೆಗಳ ಮಾಡು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬ್ರೇಎಮೊಂ ಊರಿನಲ್ಲಿ ಹಳೇ ದೋಣಿಕಟ್ಟೆ ಇದೆ, ತಳ ಚಪ್ಪಟೆಯಾದ ಮರದ ದೋಣಿಗಳನ್ನು ಕಟ್ಟಿರುತ್ತಾರೆ. ಒಂದು ಕಾಲದಲ್ಲಿ ಇಲ್ಲಿ ಹಗ್ಗ, ಹಾಯಿಗೆ ಬೇಕಾದ ಸೆಣಬು ಬೆಳೆಯುತ್ತಿದ್ದರು. ಅದನ್ನು ಒಣಗಿಸುತ್ತಿದ್ದ ಕಲ್ಲಿನ ಗೂಡುಗಳು ಇನ್ನೂ ನಿಂತಿವೆ. ನಾನು ಹೋದ ಬೆಳಗ್ಗೆ ಅರ್ಧ ಗಂಟೆಯಲ್ಲಿ ಎದುರಿಗೆ ಬಂದಿದ್ದು ಅಂಚೆಯ ಹಳದಿ ವ್ಯಾನೊಂದೇ. ಅದರ ಡ್ರೈವರ್ ಕೈಯೆತ್ತಿ ನಮಸ್ಕಾರ ಹೇಳಿದ.

ವಿಲಾಂದ್ರಿಯಲ್ಲಿ ಅರಮನೆಯ ತೋಟಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. 1906ರಲ್ಲಿ ಯೋವಾಕಿಂ ಕಾರ್ವಾಲ್ಲೊ ಅನ್ನುವ ಸ್ಪೇನಿನ ವೈದ್ಯ ಇದನ್ನು ಕೊಂಡು ಹಳೇ ಮಾದರಿಯ ತೋಟ ಮತ್ತೆ ಹಾಕಿಸಿದ. ಎಲೆಕೋಸು, ಬೀಟ್‌ರೂಟು, ಈರುಳ್ಳಿಯನ್ನೆಲ್ಲ ರಂಗೋಲಿ ಬಿಟ್ಟ ಹಾಗೆ ನೆಟ್ಟಿರುತ್ತಾರೆ. ಅಲ್ಲಿಂದ ಸಾವೊನಿಯೇರ್ ಹಾದು ಶೇರ್ ನದಿಯ ದಂಡೆ ಹಿಡಿದರೆ ತೂರ್‌ವರೆಗೂ ಸೈಕಲ್ ದಾರಿ.

ನಿಯಮಗಳ ಬಗ್ಗೆ ಎರಡು ಮಾತು. ಅಲ್ಲಿ ಓಡಿಸುವುದು ರಸ್ತೆಯ ಬಲಕ್ಕೆ. ನೇರ ರಸ್ತೆಯಲ್ಲಿ ಇದು ಬೇಗ ರೂಢಿಯಾಗುತ್ತದೆ. ತಪ್ಪು ಆಗುವುದು ಫೋಟೋ ತೆಗೆಯಲು ನಿಲ್ಲಿಸಿ ಮತ್ತೆ ಹೊರಟಾಗ. ಖಾಲಿ ರಸ್ತೆಯಲ್ಲಿ ಕಾಲು ತಾನಾಗಿ ನಮ್ಮ ಎಡಕ್ಕೆ ಎಳೆಯುತ್ತದೆ. ವೃತ್ತದಲ್ಲೂ ಬಲಕ್ಕೆ ತಿರುಗಿಯೇ ಒಳಗೆ ಹೋಗಬೇಕು. ಹಳ್ಳಿ ಒಳಗೆ ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಕಾರಿನವರು ಊರಾಚೆ ನಿಮ್ಮನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು, ಊರೊಳಗೆ ಒಂದು ಮೀಟರ್. ಜಾಸ್ತಿ ಜನ ಬಿಡುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ದಂಡ. ರಾತ್ರಿ ಊರಾಚೆ ಹೊಳೆಯುವ ಜಾಕೆಟ್ ಕಡ್ಡಾಯ.

ತಂಗಲು ಆಕ್ಯೂಯ್ ವೆಲೊ ಅನ್ನುವ ಹಸಿರು ಬಿಳಿ ಗುರುತಿನ ಮನೆ, ಹೋಟೆಲು ಹುಡುಕಿ. ಸೈಕಲ್ ದಾರಿಯಿಂದ ಐದು ಕಿಲೋಮೀಟರಿನೊಳಗೇ ಇರುತ್ತವೆ, ಸೈಕಲ್ ಇಡಲು ಬೀಗ ಹಾಕುವ ಜಾಗ ಕೊಡುತ್ತಾರೆ. ಸೋಮವಾರ ಎಷ್ಟೋ ಹಳ್ಳಿಗಳಲ್ಲಿ ಅಂಗಡಿ ತೆರೆಯುವುದೇ ಇಲ್ಲ, ಹಿಂದಿನ ದಿನವೇ ಬ್ರೆಡ್ಡು, ಹಣ್ಣು ಕಟ್ಟಿಕೊಳ್ಳಿ. ನೀರು ಮುಗಿದರೆ ಊರ ಸ್ಮಶಾನಕ್ಕೆ ಹೋಗಿ. ಗಾಬರಿ ಬೀಳಬೇಡಿ. ಗೋರಿ ಮೇಲಿನ ಹೂಗಿಡಕ್ಕೆ ನೀರು ಹಾಕಲು ಅಲ್ಲಿ ನಲ್ಲಿ ಇಟ್ಟಿರುತ್ತಾರೆ, ಫ್ರಾನ್ಸಿನ ಸೈಕಲ್ ಸವಾರರೆಲ್ಲ ಬಾಟಲಿ ತುಂಬಿಸಿಕೊಳ್ಳುವುದು ಅಲ್ಲೇ. ‘ನೋಂ ಪೊತಾಬ್ಲ್’ ಅಂತ ಬೋರ್ಡು ಇದ್ದರೆ ಮಾತ್ರ ಕುಡಿಯಬೇಡಿ, ತಲೆಗೆ ಸುರಿದುಕೊಳ್ಳಿ.