ಸ್ಟಾಕಿಂಗ್ಸ್ ರಾತ್ರಿ ಹಾಕುವುದಲ್ಲ, ಭಟ್ರೇ

ಉಡುಪಿ ಕಡೆಯ ದೋಸೆ ಭಟ್ಟರು ಮೂರು ತಿಂಗಳಾದ ಮೇಲೆ ಮತ್ತೆ ತೋರಿಸಲು ಬಂದಿದ್ದರು. ಪಂಚೆ ಎತ್ತಿದರೆ ಎಡಗಾಲಿನ ಮೀನಖಂಡದ ಮೇಲೆ ಹುರಿಹಗ್ಗದಂತೆ ಸುತ್ತಿಕೊಂಡ ನೀಲಿ ನಾಳಗಳು. ಹರಡಿನ ಒಳಬದಿಯ ಚರ್ಮ ಕಂದುಗಟ್ಟಿದೆ. ಊತ ಇದ್ದಷ್ಟೇ ಇದೆ.

‘ಸ್ಟಾಕಿಂಗ್ಸ್ ಹಾಕ್ತಾ ಇದೀರಾ?’ ಹೋದ ಸಲ ನಾನೇ ಬರೆದುಕೊಟ್ಟಿದ್ದ, ಕಾಲನ್ನು ಬಿಗಿಹಿಡಿಯುವ ಉದ್ದನೆಯ ಕಾಲುಚೀಲ ಅದು.

‘ಒಂದು ರಾತ್ರಿಯೂ ತಪ್ಪಿಸ್ಲಿಲ್ಲ ಮಾರಾಯ್ರೆ!’

ರಾತ್ರಿ! ಸೀರೆ ಅಂಗಡಿಯ ಹೆಣ್ಣುಮಕ್ಕಳು, ಮೇಷ್ಟ್ರುಗಳು, ಟ್ರಾಫಿಕ್ ಪೊಲೀಸರು, ಎಲ್ಲರದೂ ಇದೇ ಕಥೆ. ಕಾಲು ಸೆಳೆಯುವುದು ರಾತ್ರಿ, ಹಾಗಾಗಿ ಹಾಕುವುದೂ ರಾತ್ರಿ. ಚೀಟಿಯಲ್ಲಿ ‘ಬೆಳಿಗ್ಗೆ’ ಎಂದು ಬರೆದು ಎರಡು ಗೆರೆ ಎಳೆದಿರುತ್ತೇನೆ.

ತಪ್ಪು ಎಲ್ಲಿದೆಯೆಂದರೆ, ರಕ್ತವನ್ನು ಹೋಗಲೂ ಬರಲೂ ಹೃದಯವೊಂದೇ ನೂಕುತ್ತದೆ ಎಂದುಕೊಂಡಿದ್ದೇವೆ. ನಿಮಿಷಕ್ಕೆ ಸುಮಾರು 5 ಲೀಟರ್ ನೂಕುವುದೇನೋ ನಿಜ. ಆದರೆ ಹೊರಡುವಾಗ ಸರಾಸರಿ 90–100 ಮಿಲಿಮೀಟರ್ ಪಾದರಸದಷ್ಟಿದ್ದ ಒತ್ತಡ, ಕೂದಲಿಗಿಂತ ಸಣ್ಣ ನಾಳಗಳಲ್ಲಿ ನುಸುಳಿ ವಾಪಸಿನ ದಾರಿ ಹಿಡಿಯುವಷ್ಟರಲ್ಲಿ 10–15ಕ್ಕೆ ಇಳಿದಿರುತ್ತದೆ. ಮಲಗಿದವರಿಗೆ ಅಷ್ಟು ಸಾಕು. ಎದ್ದು ನಿಂತರೆ ಎದೆಯಿಂದ ಹರಡಿನವರೆಗೆ ನಾಲ್ಕಡಿ ರಕ್ತದ ಭಾರ ಕಾಲಿನ ನಾಳಗಳ ಮೇಲೆ. ಅಲುಗಾಡದೆ ನಿಂತವರ ಹರಡಿನಲ್ಲಿ ಒತ್ತಡ 90ರ ಹತ್ತಿರ ಹೋಗುತ್ತದೆ, ನಾಳ ಹಿಗ್ಗಿ ರಕ್ತ ಅಲ್ಲೇ ತಂಗುತ್ತದೆ. ಒಂದೊಂದು ಹೆಜ್ಜೆಗೂ ಮೀನಖಂಡ ಬಟ್ಟೆ ಹಿಂಡಿದಂತೆ ಅದನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ಮೇಲೆ ಹೋದದ್ದನ್ನು ನಾಳದೊಳಗಿನ ಪುಟ್ಟ ಬಾಗಿಲುಗಳಂಥ ಕವಾಟಗಳು ಕೆಳಗೆ ಬಿಡುವುದಿಲ್ಲ. ನಡೆದಾಡಿದರೆ ಆ 90 ಇಳಿದು 30ರ ಆಸುಪಾಸಿಗೆ ಬರುತ್ತದೆ. ಕವಾಟ ಸಡಿಲಾದವರಿಗೆ ಅಷ್ಟು ಇಳಿಯುವುದಿಲ್ಲ.

ನಂಬಿಕೆ ಬರದಿದ್ದರೆ ಕೈ ಇಳಿಬಿಡಿ. ಮುಂಗೈ ಮೇಲೆ ಉಬ್ಬಿದ, ಕವಲಿಲ್ಲದ ಒಂದು ನಾಳವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಅಲ್ಲಿಂದ ಮೊಣಕೈ ಕಡೆಗೆ ಇನ್ನೊಂದು ಬೆರಳಿನಲ್ಲಿ ಸವರಿ ಬಿಟ್ಟುಬಿಡಿ. ಕವಾಟದವರೆಗೆ ನಾಳ ಚಪ್ಪಟೆಯಾಗಿಯೇ ಇರುತ್ತದೆ, ಮೇಲಿನಿಂದ ತೊಟ್ಟೂ ಇಳಿಯುವುದಿಲ್ಲ. ಮೊದಲ ಬೆರಳು ತೆಗೆದರೆ ಕೆಳಗಿನಿಂದ ಸರಕ್ಕನೆ ತುಂಬುತ್ತದೆ. ರಕ್ತ ದೇಹವಿಡೀ ಸುತ್ತಿ ಬರುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ವಾದಿಸಿದ್ದು ಇಂಥ ಬೆರಳಾಟವನ್ನೂ ಸಾಕ್ಷಿಗಿಟ್ಟುಕೊಂಡೇ.

ಹೊರಗಿನಿಂದ ಬಿಗಿಹಿಡಿದು ನಾಳ ಹಿಗ್ಗದಂತೆ ನೋಡಿಕೊಳ್ಳುವುದೇ ಸ್ಟಾಕಿಂಗ್ಸಿನ ಕೆಲಸ. ಮಲಗಿದಾಗ ಆ ನಾಲ್ಕಡಿ ಭಾರವೇ ಇಲ್ಲ, ಅದಕ್ಕೆ ಕೆಲಸವೂ ಇಲ್ಲ. ಸಂಜೆ ಹಾಕಿದರೆ ಊದಿದ ಕಾಲನ್ನು ಚೀಲಕ್ಕೆ ತುರುಕಿದ ಹಾಗೆ. ಬೆಳಿಗ್ಗೆ, ಹಾಸಿಗೆಯಲ್ಲೇ, ಕಾಲು ನೆಲಕ್ಕೆ ಊರುವ ಮೊದಲು ಹಾಕಬೇಕು. ಕಾಫಿ ಕುಡಿದು ಬಂದಲ್ಲ.

ಇದನ್ನು ಓದಿ ನೇರ ಮೆಡಿಕಲ್ ಶಾಪಿಗೆ ಹೋಗಬೇಡಿ. ಬೀಡಿ ಸಿಗರೇಟಿನವರು, ಸಕ್ಕರೆ ಕಾಯಿಲೆಯವರು ಮೊದಲು ಪಾದದ ನಾಡಿ ತೋರಿಸಿ. ಕೆಳಗೆ ಹರಿವ ರಕ್ತವೇ ಕಡಿಮೆಯಿದ್ದರೆ ಬಿಗಿತದಿಂದ ಅಪಾಯ. ಎರಡೂ ಕಾಲು ಊದಿ ಏದುಸಿರು ಬರುತ್ತಿದ್ದರೆ ಅದು ಬೇರೆ ವಿಷಯ. ಕೆಲವು ಬಿಪಿ ಮಾತ್ರೆಗಳಿಂದಲೂ ಪಾದ ಊದುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ನಾಳೆ ಅನ್ನಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೆಪ್ಪು ಕಟ್ಟಿರಬಹುದು.

ಅಂಗಡಿಗಳಲ್ಲಿ ದುಡಿಯುವವರಿಗೆ ಕೂರಲು ಸೀಟು ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ದೋಸೆಕಲ್ಲಿನ ಮುಂದೆ ಕುರ್ಚಿ ಹಾಕುವವರು ಯಾರು?

‘ಆ ಕಾವಲಿ ಬಿಸಿಗೆ ಇದನ್ನು ಹಾಕ್ಕೊಂಡು ನಿಲ್ಲುದು ಹ್ಯಾಗೆ ಡಾಕ್ಟ್ರೇ?’ ಎಂದರು ಭಟ್ಟರು. ಮಾತು ನ್ಯಾಯವೇ. ಚೌಕಾಸಿ ನಡೆಯಿತು: ಮೊಣಕಾಲುದ್ದದ್ದು ಸಾಕು, ಮಧ್ಯಾಹ್ನದ ಬಿಡುವಿನಲ್ಲಿ ಕಾಲು ಎದೆಗಿಂತ ಎತ್ತರಕ್ಕಿಟ್ಟು ಮಲಗುವುದು, ಕಲ್ಲಿಗೆ ನೀರು ಚಿಮುಕಿಸಿದಾಗೆಲ್ಲ ನಾಲ್ಕು ಸಲ ಹಿಮ್ಮಡಿ ಎತ್ತಿ ಇಳಿಸುವುದು.

ಹೋದ ವಾರ ಟೇಪು ಸುತ್ತಿ ನೋಡಿದೆ. ಹರಡಿನ ಸುತ್ತಳತೆ ಒಂದೂವರೆ ಸೆಂಟಿಮೀಟರ್ ಇಳಿದಿದೆ. ‘ಭಟ್ರು ಡ್ಯಾನ್ಸ್ ಕಲೀತಿದ್ದಾರೆ’ ಎಂದು ಸಪ್ಲೈಯರ್ ಹುಡುಗರು ನಗುತ್ತಾರಂತೆ.

‘ನಗ್ಲಿ ಬಿಡಿ. ಆದ್ರೆ ಸೆಕೆ ಮಾತ್ರ ಸಾಯುವಷ್ಟು ಉಂಟು’ ಎನ್ನುತ್ತ ಪಂಚೆ ಇಳಿಬಿಟ್ಟರು.