ತಳದ ಮೀನು ಮೇಲಕ್ಕೆ ಚಿಮ್ಮುವುದೇಕೆ?

ಪ್ರಶ್ನೆ: ಅಕ್ವೇರಿಯಂನಲ್ಲಿರುವ ಕಂಚಿನ ಬಣ್ಣದ ಕೋರಿಡೋರಸ್ ಮೀನುಗಳು ದಿನವಿಡೀ ತಳದ ಮರಳು ಕೆದಕುತ್ತಿರುತ್ತವೆ. ಆದರೆ ಆಗಾಗ ಬಾಣದಂತೆ ಮೇಲೆ ಬಂದು, ಬಾಯಿ ತೆರೆದು, ಅಷ್ಟೇ ವೇಗದಲ್ಲಿ ಕೆಳಗಿಳಿಯುತ್ತವೆ. ಇದು ಕಾಯಿಲೆಯ ಲಕ್ಷಣವೇ?

ಉತ್ತರ: ಅಲ್ಲ, ಮೀನು ಗಾಳಿ ನುಂಗಲು ಬರುತ್ತಿದೆ. ಕೋರಿಡೋರಸ್ ಏನಿಯಸ್ ಎಂದು ಹೆಸರಾದ, ಆರೇಳು ಸೆಂಟಿಮೀಟರ್ ಉದ್ದದ ಈ ಕ್ಯಾಟ್‌ಫಿಶ್‌ಗೆ ಕಿವಿರುಗಳ ಜೊತೆಗೆ ಉಸಿರಾಟಕ್ಕೆ ಇನ್ನೊಂದು ಅಂಗವಿದೆ, ಅದು ಕರುಳು. ನುಂಗಿದ ಗಾಳಿ ಜಠರವನ್ನು ದಾಟಿ ಕರುಳಿನ ಹಿಂಭಾಗವನ್ನು ಸೇರುತ್ತದೆ. ಅಲ್ಲಿನ ಗೋಡೆ ಬಹಳ ತೆಳುವಾಗಿದ್ದು ರಕ್ತನಾಳಗಳು ದಟ್ಟವಾಗಿ ಹರಡಿಕೊಂಡಿರುವುದರಿಂದ ಆಮ್ಲಜನಕ ನೇರವಾಗಿ ರಕ್ತಕ್ಕೆ ಸೇರುತ್ತದೆ. ಮಿಕ್ಕ ಗಾಳಿ ಗುದದ್ವಾರದ ಮೂಲಕ ಹೊರಬೀಳುತ್ತದೆ. ಗಾಜಿಗೆ ಮುಖವೊಡ್ಡಿ ತಾಳ್ಮೆಯಿಂದ ನೋಡಿದರೆ, ಮೀನಿನ ಹಿಂದಿನಿಂದ ಒಂದೆರಡು ಸಣ್ಣ ಗುಳ್ಳೆಗಳು ಏಳುವುದು ಕಾಣಸಿಗಬಹುದು. ನೋಡಿದವರು ನಗುವುದು ಸಹಜ, ಮೀನಿಗೆ ಮಾತ್ರ ಅದು ಬಿಟ್ಟ ಉಸಿರು.

ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಿಯೋಡರ್ ಗಿಲ್ 1858ರಲ್ಲಿ ಟ್ರಿನಿಡಾಡ್ ದ್ವೀಪದ ಮೀನುಗಳನ್ನು ನೋಡಿ ಈ ಪ್ರಭೇದವನ್ನು ವೈಜ್ಞಾನಿಕವಾಗಿ ವರ್ಣಿಸಿದರು. ದಕ್ಷಿಣ ಅಮೆರಿಕದ ನಿಧಾನವಾಗಿ ಹರಿಯುವ ತೊರೆಗಳಲ್ಲಿಯೂ ನಿಂತ ನೀರಿನಲ್ಲಿಯೂ ಇದು ಬದುಕುತ್ತದೆ. ಎಲೆ ಕೊಳೆತು ಆಮ್ಲಜನಕ ಕುಸಿದಾಗ ಕಿವಿರನ್ನೇ ನಂಬಿದ ಮೀನುಗಳು ಏದುಸಿರು ಬಿಡುವ ಜಾಗದಲ್ಲಿ ಇದು ತಡೆದುಕೊಳ್ಳುತ್ತದೆ. ಪಕ್ಕೆಯ ಎರಡೂ ಬದಿ ಎರಡೆರಡು ಸಾಲು ಎಲುಬಿನ ಫಲಕಗಳ ಕವಚವಿದ್ದರೂ ನೀರಿನ ಮೇಲ್ಮೈ ಹಕ್ಕಿಗಳ ಕಣ್ಣಿಗೆ ಬೀಳುವ ಅಪಾಯದ ಸ್ಥಳವೇ. ಆದ್ದರಿಂದಲೇ ಆ ಚಿಮ್ಮುವಿಕೆಯಲ್ಲಿ ಅಷ್ಟು ಅವಸರ, ಒಂದು ಹೊರಟರೆ ಬೆನ್ನಿಗೇ ಇನ್ನೆರಡು ಹೊರಡುವುದೂ ಉಂಟು. (2024ರಲ್ಲಿ ಕೋರಿಡೋರಸ್ ಕುಲವನ್ನು ಒಡೆದು ಈ ಮೀನನ್ನು ಆಸ್ಟಿಯೋಗ್ಯಾಸ್ಟರ್ ಕುಲಕ್ಕೆ ಸೇರಿಸಲಾಗಿದೆ, ಸಾಕುವವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.)

ನೀರು ಸ್ವಚ್ಛವಾಗಿದ್ದರೂ ಈ ಮೀನು ಮೇಲೆ ಬರುತ್ತದೆ, ಹಾಗಾಗಿ ಬರುವುದಕ್ಕಿಂತ ಎಷ್ಟು ಸಲ ಬರುತ್ತದೆ ಎಂಬುದನ್ನೇ ಗಮನಿಸಬೇಕು. ಎಲ್ಲವೂ ಸರಿಯಿರುವ ದಿನ ಅರ್ಧ ಗಂಟೆ ಕುಳಿತು ಎಣಿಸಿಟ್ಟುಕೊಳ್ಳಿ. ಆ ಲೆಕ್ಕ ಇದ್ದಕ್ಕಿದ್ದಂತೆ ಏರಿದರೆ, ಕಿವಿರುಗಳು ಪಟಪಟನೆ ಬಡಿದುಕೊಳ್ಳುತ್ತಿದ್ದರೆ, ಅಥವಾ ಮೀನು ಕೆಳಗಿಳಿಯದೆ ಮೇಲೆಯೇ ತೇಲುತ್ತಿದ್ದರೆ, ನೀರು ಬಿಸಿಯಾಗಿದೆಯೇ, ತಿನ್ನದೆ ಉಳಿದ ಆಹಾರ ಕೊಳೆಯುತ್ತಿದೆಯೇ, ಮೀನುಗಳ ಸಂಖ್ಯೆ ಮಿತಿಮೀರಿದೆಯೇ ಎಂದು ನೋಡಿ, ತಡಮಾಡದೆ ಸ್ವಲ್ಪ ನೀರು ಬದಲಾಯಿಸಿ. ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿ ಮುಚ್ಚಳ ಹಾಕುವ ಅಭ್ಯಾಸವಿದ್ದರೆ ಇಂದೇ ಬಿಟ್ಟುಬಿಡಿ. ನೀರಿಗೂ ಮುಚ್ಚಳಕ್ಕೂ ನಡುವೆ ಮೂರು ಬೆರಳಿನಷ್ಟಾದರೂ ಗಾಳಿ ಇರಲಿ.