ದೂರ ಅಷ್ಟೇ, ಹೊತ್ತು ಬೇರೆ

ವಿಮಾನಗಳಿಗೆ ಫ್ಲೈಟ್ ಪ್ಲಾನ್, ಅಂದರೆ ಹಾರುವ ದಾರಿ, ಹೊತ್ತು, ಇಂಧನದ ಲೆಕ್ಕ, ಸಿದ್ಧಪಡಿಸುವುದು ನನ್ನ ಕೆಲಸ. ಅದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: 'ಇಲ್ಲಿಂದ ಅಲ್ಲಿಗೆ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ?' ಕಿಲೋಮೀಟರ್ ಹೇಳುವುದು ಸುಲಭ. ಗಂಟೆ ಹೇಳಬೇಕಾದರೆ ನಾನೇ ತಿರುಗಿ ಕೇಳಬೇಕಾಗುತ್ತದೆ: ಯಾವ ದಿಕ್ಕಿಗೆ? ಯಾವ ತಿಂಗಳಲ್ಲಿ?

ಲಂಡನ್ ಮತ್ತು ನ್ಯೂಯಾರ್ಕ್ ತಗೊಳ್ಳಿ. ನಡುವೆ ಸುಮಾರು 5,540 ಕಿ.ಮೀ. ಗ್ಲೋಬ್ ಮೇಲೆ ದಾರ ಬಿಗಿಹಿಡಿದು ಅಳೆದರೆ ಸಿಗುವ ದೂರ ಇದು. ಇದೇ ದಾರಿ ಗೋಡೆಯ ನಕ್ಷೆಯಲ್ಲಿ ಉತ್ತರಕ್ಕೆ ಬಾಗಿ ಕಾಣುತ್ತದೆ. ವಿಮಾನ ಸುಮ್ನೆ ಸುತ್ತಿಕೊಂಡು ಹೋಗುತ್ತಿದೆ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿದ್ದಕ್ಕೆ ಹಾಗೆ ಕಾಣುತ್ತದೆ, ಅಷ್ಟೇ.

ಲೆಕ್ಕ ತಪ್ಪಿಸುವುದು ಗಾಳಿ. ವಿಮಾನಗಳು ಹಾರುವ ಎತ್ತರದಲ್ಲೇ, ಹೆಚ್ಚುಕಡಿಮೆ 9ರಿಂದ 12 ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಹೊಳೆಯಂತೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ಜೋರು ಜಾಸ್ತಿ. ಹೊಳೆಯಲ್ಲಿ ದೋಣಿಗೆ ಆಗುವುದೇ ಇಲ್ಲೂ ಆಗುತ್ತದೆ. ವಿಮಾನ ಗಾಳಿಯೊಳಗೆ ಗಂಟೆಗೆ 900 ಕಿ.ಮೀ. ಹೋಗುತ್ತಿರಬಹುದು, ಆದರೆ ಆ ಗಾಳಿಯೇ ಚಲಿಸುತ್ತಿದೆಯಲ್ಲ! 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಂತ ಅದು ಶಬ್ದದ ವೇಗ ಮೀರಲಿಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನಂತೆಯೇ ಹಾರುತ್ತಿತ್ತು.

'ಹೋಗುವಾಗ ಕಳೆದುಕೊಂಡ ಹೊತ್ತು ಬರುವಾಗ ಸಿಗುತ್ತೆ, ಅಲ್ವಾ?' ಎನ್ನುತ್ತಾರೆ. ಪೂರ್ತಿ ಸಿಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ, ಗಂಟೆಗೆ 900 ಕಿ.ಮೀ. ವೇಗದಲ್ಲಿ ಲಂಡನ್–ನ್ಯೂಯಾರ್ಕ್ ಹೋಗಿಬರಲು 12 ಗಂಟೆ 19 ನಿಮಿಷ. ದಾರಿಯುದ್ದಕ್ಕೂ ಗಂಟೆಗೆ 150 ಕಿ.ಮೀ. ಗಾಳಿ ಇದೆ ಎಂದುಕೊಳ್ಳಿ. ಎದುರುಗಾಳಿಯಲ್ಲಿ 7 ಗಂಟೆ 23 ನಿಮಿಷ, ಹಿಂದಿನಿಂದ ತಳ್ಳಿದರೆ 5 ಗಂಟೆ 17 ನಿಮಿಷ. ಕೂಡಿದರೆ 12 ಗಂಟೆ 40 ನಿಮಿಷ. ಎದುರುಗಾಳಿಗೆ ಸಿಕ್ಕಿಕೊಂಡಿರುವ ಹೊತ್ತೇ ಜಾಸ್ತಿ, ಅದಕ್ಕೇ ನಷ್ಟವೂ ಜಾಸ್ತಿ.

ಹಾಗಾಗಿ ನಾವು ಎಷ್ಟೋ ಸಲ ಬೇಕಂತಲೇ ಉದ್ದದ ದಾರಿ ಹಿಡಿಯುತ್ತೇವೆ. ನೂರಿನ್ನೂರು ಕಿಲೋಮೀಟರ್ ಜಾಸ್ತಿ ಹಾರಿದರೂ ಎದುರುಗಾಳಿ ತಪ್ಪಿದರೆ ಇಂಧನ ಉಳಿಯುತ್ತದೆ. ಉತ್ತರ ಅಟ್ಲಾಂಟಿಕ್ ದಾಟುವ ಮಾರ್ಗಗಳನ್ನು ಗಾಳಿ ನೋಡಿಕೊಂಡು ದಿನವೂ ಹೊಸದಾಗಿ ಹಾಕುತ್ತಾರೆ. ಕೆಲವೊಮ್ಮೆ ಸುತ್ತುವುದು ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ. 2022ರಲ್ಲಿ ರಷ್ಯಾ ತನ್ನ ಆಕಾಶದಲ್ಲಿ ಹಾರುವುದನ್ನು ತಡೆದ ಮೇಲೆ ಫಿನ್‌ಲೆಂಡ್‌ನ ವಿಮಾನಗಳಿಗೆ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಸುಮಾರು 9 ಗಂಟೆಯಿಂದ 13 ಗಂಟೆಯ ಹತ್ತಿರಕ್ಕೆ ಹೋಯಿತು.

ಇನ್ನು ಟಿಕೆಟ್ಟಿನಲ್ಲಿರುವುದು ಬರೀ ಹಾರುವ ಹೊತ್ತಲ್ಲ. ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನ ಹೊತ್ತು ಅದು. ರನ್‌ವೇ ಮುಂದೆ ಸಾಲಿನಲ್ಲಿ ಕಾಯುವ ಹೊತ್ತೂ ಅದರಲ್ಲಿ ಸೇರಿದೆ. ಗಡಿಯಾರ ಆಯಾ ಊರಿನದು. ನ್ಯೂಯಾರ್ಕ್‌ನಲ್ಲಿ ರಾತ್ರಿ 8ಕ್ಕೆ ಹೊರಟು ಲಂಡನ್‌ನಲ್ಲಿ ಬೆಳಗ್ಗೆ 8ಕ್ಕೆ ಇಳಿದರೆ ಅದು 12 ಗಂಟೆಯ ಪ್ರಯಾಣವಲ್ಲ. ಲಂಡನ್ 5 ಗಂಟೆ ಮುಂದಿದೆ, ಅದನ್ನು ಕಳೆದರೆ ಉಳಿಯುವುದು 7. ಮಾರ್ಚ್‌ನಲ್ಲಿ ಮತ್ತು ಅಕ್ಟೋಬರ್ ಕೊನೆಯಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಎರಡೂ ದೇಶಗಳು ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಚಳಿಗಾಲಕ್ಕೆ ಹಿಂದಿಡುತ್ತವೆ, ಆದರೆ ಹಾಗೆ ತಿರುಗಿಸುವ ದಿನ ಬೇರೆ ಬೇರೆ. ನಡುವಿನ ಆ ದಿನಗಳಲ್ಲಿ ವ್ಯತ್ಯಾಸ 4 ಗಂಟೆ.